ಆಟಕ್ಕುಂಟು, ಲೆಕ್ಕಕ್ಕಿಲ್ಲ

ನನ್ನ ಹಳೇ ಜಾಕೆಟ್ಟಿನ ಒಳಜೇಬಿನಲ್ಲಿ ಒಂದು ಪುಟ್ಟ ಚೀಟಿ ಇದೆ. ಎರಡು ಬೆರಳಗಲ, ತಿಳಿಹಸಿರು ಬಣ್ಣ. ಮಡಚಿ ಪಿನ್ನು ಹೊಡೆದದ್ದರ ತೂತು ಇನ್ನೂ ಕಾಣುತ್ತೆ. ಬಿಡಿಸಿದರೆ ಒಳಗೆ 63 ಅಂತ ಅಚ್ಚಾಗಿದೆ.

ಇಂಗ್ಲೆಂಡಿನ ಸಣ್ಣ ಫುಟ್‌ಬಾಲ್ ಕ್ಲಬ್ಬುಗಳಲ್ಲಿ ಇದನ್ನು ಗೋಲ್ಡನ್ ಗೋಲ್ ಟಿಕೆಟ್ ಅಂತಾರೆ. ಗೇಟಿನ ಹತ್ತಿರ ಒಂದು ಪೌಂಡ್ ಕೊಟ್ಟರೆ ಡಬ್ಬಿಯೊಳಗೆ ಕೈ ಹಾಕಿ ಒಂದು ಚೀಟಿ ಎತ್ತಬಹುದು. ಪ್ರತಿ ಚೀಟಿಯಲ್ಲೂ ಒಂದೊಂದು ನಿಮಿಷ. ಆವತ್ತಿನ ಮೊದಲ ಗೋಲು ಯಾವ ನಿಮಿಷದಲ್ಲಿ ಬೀಳುತ್ತೋ ಆ ಚೀಟಿ ಇದ್ದವರಿಗೆ ಇಪ್ಪತ್ತು ಪೌಂಡ್. ಮಿಕ್ಕಿದ್ದು ಕ್ಲಬ್ಬಿಗೆ. 2019ರ ನವೆಂಬರ್‌ನಲ್ಲಿ ಒಂದು ಶನಿವಾರ, 63ನೇ ನಿಮಿಷದಲ್ಲಿ, ಕಾರ್ನರ್‌ನಿಂದ ಬಂದ ಚೆಂಡು ನಮ್ಮ ಸೆಂಟರ್ ಹಾಫ್‌ನ ಮೊಣಕಾಲಿಗೆ ತಗುಲಿ ಒಳಗೆ ಹೋಯಿತು. ಅವನು ಹೊಡೆಯಲಿಲ್ಲ, ಅದಾಗೇ ತಗುಲಿತು. ನಾನು ಇಪ್ಪತ್ತು ಪೌಂಡ್ ಗೆದ್ದೆ. ನೆನಪಿಗಿರಲಿ ಅಂತ ಚೀಟಿಯನ್ನೂ ವಾಪಸ್ ಕೊಟ್ಟರು.

ತಮಾಷೆ ಏನಪ್ಪಾ ಅಂದ್ರೆ, ಆ ಗೋಲು ಲೆಕ್ಕದಲ್ಲಿಲ್ಲ. ಆ ಮ್ಯಾಚೂ ಇಲ್ಲ. ಆ ವರ್ಷದ ಇಡೀ ಲೀಗೇ ಇಲ್ಲ.

ನಾವು ಇಲ್ಲಿಗೆ ಬಂದದ್ದು 2019ರ ಜುಲೈನಲ್ಲಿ. ನನ್ನ ಹೆಂಡತಿ ನರ್ಸ್. ಅವಳಿಗೆ ಇಂಗ್ಲೆಂಡಿನ ಈಶಾನ್ಯದಲ್ಲಿ, ಡರಮ್ ಕೌಂಟಿಯಲ್ಲಿ ಕೆಲಸ ಸಿಕ್ಕಿತು. ನಾನು ಲ್ಯಾಪ್‌ಟಾಪ್ ಹಿಡಿದುಕೊಂಡು ಹಿಂದೆ ಬಂದವನು. ಇದು ಹಿಂದೆ ಕಲ್ಲಿದ್ದಲು ಗಣಿಗಳಿದ್ದ ಸೀಮೆ. ಈಗ ಗಣಿ ಒಂದೂ ಇಲ್ಲ. ಗಣಿ ಕೆಲಸಗಾರರಿಗೆ ಅಂತ ಕಟ್ಟಿದ್ದ ಇಟ್ಟಿಗೆ ಮನೆಗಳ ಉದ್ದುದ್ದ ಸಾಲುಗಳು ಮಾತ್ರ ಉಳಿದಿವೆ. ಅಂಥ ಒಂದು ಸಾಲಲ್ಲಿ ನಮ್ಮ ಬಾಡಿಗೆ ಮನೆ. ಶನಿವಾರ ಅವಳಿಗೆ ಡ್ಯೂಟಿ, ನನಗೆ ರಜಾ. ಆಗಸ್ಟ್ ಮೊದಲ ವಾರ, ಮಧ್ಯಾಹ್ನ ಮೂರು ಗಂಟೆ ಸುಮಾರಿಗೆ, ಹಿತ್ತಲ ಗೋಡೆಯಾಚೆ ಯಾರೋ ಒಟ್ಟಿಗೆ ಕೂಗಿದರು. ಜಗಳವೇನೋ ಅಂದುಕೊಂಡು ಹೋಗಿ ನೋಡಿದೆ. ಫುಟ್‌ಬಾಲ್.

ಇಂಗ್ಲೆಂಡಿನ ಫುಟ್‌ಬಾಲ್ ಅಂದರೆ ಅಲ್ಲಿವರೆಗೆ ನನಗೆ ಟಿವಿಯಲ್ಲಿ ಕಂಡ ಪ್ರೀಮಿಯರ್ ಲೀಗ್ ಅಷ್ಟೇ. ಇಲ್ಲಿ ನೋಡಿದರೆ ಒಂದು ಬದಿಗೆ ತಗಡಿನ ಮಾಡು, ಉಳಿದ ಮೂರು ಬದಿಗೆ ಬರೀ ಕಬ್ಬಿಣದ ಕಂಬಿ. ಕಂಬಿಗೆ ಒರಗಿ ನಿಂತ ಇನ್ನೂರು ಚಿಲ್ಲರೆ ಜನ, ಏಳೆಂಟು ನಾಯಿಗಳು. ಮೈದಾನ ಒಂದು ಮೂಲೆಗೆ ಇಳಿಜಾರು. ಯಾರಾದರೂ ಜೋರಾಗಿ ಒದ್ದರೆ ಚೆಂಡು ಗೋಡೆ ದಾಟಿ ಪಕ್ಕದ ತರಕಾರಿ ಮಡಿಗೆ ಬೀಳುತ್ತೆ. ಅಲ್ಲಿ ಲೀಕ್ ಅನ್ನೋ ಈರುಳ್ಳಿ ಜಾತಿಯ ತರಕಾರಿ ಬೆಳೆಯುವ ಮುದುಕರೊಬ್ಬರು ಬೈದುಕೊಂಡೇ ವಾಪಸ್ ಎಸೆಯುತ್ತಾರೆ. ಗೇಟಲ್ಲಿ ಆರು ಪೌಂಡ್ ಇಸಕೊಂಡವರು, "ಹೊಸಬರಾ? ಆ ಕಡೆ ನಿಲ್ಲಿ, ಗಾಳಿ ಕಡಿಮೆ" ಅಂದರು. ಆಗಸ್ಟ್‌ನಲ್ಲೂ ಅವರ ಕಂಕುಳಲ್ಲಿ ಒಂದು ಫ್ಲಾಸ್ಕ್. ಅವತ್ತಿಂದ ಅವರು ನನಗೆ ಫ್ಲಾಸ್ಕ್ ತಾತ. ನಿಜವಾದ ಹೆಸರು ಇಲ್ಲಿ ಬೇಡ. ಕ್ಲಬ್ಬಿನ ಹೆಸರೂ ಬೇಡ. ಹೇಳಿದರೆ ಅವರಿಗೆ ನಾಚಿಕೆ, ಆ ವರ್ಷದ ನಮ್ಮ ಆಟ ಹಾಗಿತ್ತು.

ಲೀಗಿನ ಹೆಸರು ಮಾತ್ರ ಹೇಳಲೇಬೇಕು. ನಾರ್ದರ್ನ್ ಲೀಗ್. ಶುರುವಾದದ್ದು 1889ರಲ್ಲಿ. ಈಗಲೂ ನಡೆಯುತ್ತಿರುವ ಲೀಗುಗಳಲ್ಲಿ ಇದಕ್ಕಿಂತ ಹಳೇದು ಅಂದರೆ ಒಂದು ವರ್ಷ ಮೊದಲು ಹುಟ್ಟಿದ ಫುಟ್‌ಬಾಲ್ ಲೀಗ್ ಒಂದೇ. ಅಂದರೆ ಇದು ಜಗತ್ತಿನ ಎರಡನೇ ಅತಿ ಹಳೇ ಫುಟ್‌ಬಾಲ್ ಲೀಗ್. ಈಗ ಇದರ ಜಾಗ ಎಲ್ಲಿ ಅಂದರೆ, ಪ್ರೀಮಿಯರ್ ಲೀಗನ್ನು ಒಂದನೇ ಮೆಟ್ಟಿಲು ಅಂತ ಇಟ್ಟುಕೊಂಡು ಕೆಳಗಿಳಿಯುತ್ತಾ ಬನ್ನಿ, ಒಂಬತ್ತನೇ ಮೆಟ್ಟಿಲಲ್ಲಿ ಇದರ ಮೊದಲ ಡಿವಿಷನ್ ಸಿಗುತ್ತೆ, ಹತ್ತರಲ್ಲಿ ಎರಡನೆಯದು. ಮೆಟ್ಟಿಲುಗಳ ನಡುವೆ ಬಾಗಿಲು ತೆರೆದೇ ಇದೆ. ಗೆಲ್ಲುತ್ತಾ ಹೋದರೆ ಕಾಗದದ ಮೇಲಂತೂ ಎಲ್ಲಿವರೆಗೆ ಬೇಕಾದರೂ ಹತ್ತಬಹುದು. ಇಲ್ಲಿನವರು ಇದನ್ನು ಹೇಳುವಾಗ ಮುಖದಲ್ಲಿ ನಗು ಇರಲ್ಲ.

ಆಡುವವರು ಯಾರು ಅಂತೀರಾ? ಪ್ಲಂಬರ್, ಪಿ.ಟಿ. ಮೇಷ್ಟ್ರು, ಸೂಪರ್‌ಮಾರ್ಕೆಟ್ಟಿನ ಗೋಡೌನಿನವನು. ನಮ್ಮ ಎಡಗಡೆ ವಿಂಗರ್ ಸಂಡರ್‌ಲ್ಯಾಂಡಿನ ಕಾರು ಫ್ಯಾಕ್ಟರಿಯಲ್ಲಿ ಶಿಫ್ಟ್ ಮುಗಿಸಿ ಬರುತ್ತಿದ್ದ. ಮಂಗಳವಾರ ರಾತ್ರಿಯ ಮ್ಯಾಚುಗಳಿಗೆ ಅವನು ಬರುವ ಹೊತ್ತಿಗೆ ಉಳಿದವರು ವಾರ್ಮ್ ಅಪ್ ಮುಗಿಸಿರುತ್ತಿದ್ದರು. ಕೈಗೆ ಸಿಗುತ್ತಿದ್ದದ್ದು ಪೆಟ್ರೋಲ್ ಖರ್ಚಿನ ಮೇಲೆ ಒಂದಿಷ್ಟು. ಅರ್ಧ ಕಸುಬು, ಅರ್ಧ ಹುಚ್ಚು. ಹುಚ್ಚಿನ ಪಾಲೇ ಜಾಸ್ತಿ.

ಇದು ನನಗೆ ಅಷ್ಟೇನೂ ಹೊಸದಲ್ಲ. ನಮ್ಮಪ್ಪ ಬೆಂಗಳೂರಿನಲ್ಲಿ ಟೆಲಿಫೋನ್ ತಯಾರಿಸುವ ಐಟಿಐ ಕಾರ್ಖಾನೆಯಲ್ಲಿದ್ದರು. ದೂರವಾಣಿನಗರದಲ್ಲೇ ನಮ್ಮ ಮನೆ. ಐಟಿಐ, ಎಚ್‌ಎಎಲ್ ತಂಡಗಳಲ್ಲಿ ಆಡುವವರು ಕಂಪನಿಯ ನೌಕರರೇ. ಬೆಳಿಗ್ಗೆ ಪ್ರಾಕ್ಟೀಸು, ಆಮೇಲೆ ಕಾರ್ಡು ಪಂಚ್ ಮಾಡಿ ಕೆಲಸ. ಅಪ್ಪ ನನ್ನನ್ನು ಅಶೋಕನಗರದ ಸ್ಟೇಡಿಯಂಗೆ ಕರೆದುಕೊಂಡು ಹೋಗುತ್ತಿದ್ದರು. ಗ್ಯಾಲರಿಯಲ್ಲಿ ಕಡಲೆಕಾಯಿ ತಿನ್ನುತ್ತಾ, "ಅವನು ನಮ್ಮ ಸೆಕ್ಷನ್ನಿನವನು ಕಣೋ" ಅಂತ ತೋರಿಸೋರು. ರಾಷ್ಟ್ರೀಯ ಲೀಗಿನಲ್ಲಿ ಆಡಿದ ಟೀಮುಗಳು ಅವು. ಕಂಪನಿಗಳ ಕಾಲ ಬದಲಾಯಿತು, ಟೀಮುಗಳ ಆ ವೈಭವವೂ ಹೋಯಿತು. ಡರಮ್‌ನಲ್ಲಿ ನೋಡಿದರೆ ಉಲ್ಟಾ. ಗಣಿ ಮುಚ್ಚಿತು, ಉಕ್ಕಿನ ಕಾರ್ಖಾನೆ ಮುಚ್ಚಿತು, ರೈಲು ನಿಂತಿತು. ಟೀಮು ಮಾತ್ರ ಉಳಿದುಕೊಂಡಿದೆ. ಯಾಕೆ ಅಂತ ಮೊದಲ ತಿಂಗಳೆಲ್ಲ ಯೋಚಿಸುತ್ತಿದ್ದೆ. ಟೀಮು ಯಾವ ಕಂಪನಿಯದೂ ಆಗಿರಲಿಲ್ಲ, ಊರಿನದಾಗಿತ್ತು. ನನಗೆ ಹೊಳೆದದ್ದು ಇಷ್ಟೇ. ಟೀ ಅಂಗಡಿಯಲ್ಲಿ ಪೈ ಬಿಸಿ ಮಾಡುವವರು, ಗೆರೆ ಎಳೆಯುವವರು, ಜರ್ಸಿ ಒಗೆಯುವವರು, ಯಾರಿಗೂ ಸಂಬಳ ಇಲ್ಲ.

ಊರಿನದು ಅಂದೆನಲ್ಲ, ಅದಕ್ಕೊಂದು ಕಥೆ. ವೆಸ್ಟ್ ಆಕ್ಲೆಂಡ್ ಅನ್ನೋದು ಇಲ್ಲಿ ಹತ್ತಿರದ ಒಂದು ಹಳ್ಳಿ. 1909ರಲ್ಲಿ ಇಟಲಿಯ ಟ್ಯೂರಿನ್‌ನಲ್ಲಿ ಸರ್ ಥಾಮಸ್ ಲಿಪ್ಟನ್ ಹೆಸರಲ್ಲಿ ಒಂದು ಅಂತರರಾಷ್ಟ್ರೀಯ ಟೂರ್ನಿ ನಡೆಯಿತು. ಹೌದು, ನಮ್ಮನೆ ಟೀ ಪೊಟ್ಟಣದ ಲಿಪ್ಟನ್ನೇ. ಇಂಗ್ಲೆಂಡಿನಿಂದ ಹೋದದ್ದು ಈ ಹಳ್ಳಿಯ ಗಣಿ ಕೆಲಸಗಾರರ ತಂಡ. ಲಂಡನ್ನಿನ ವೂಲ್‌ವಿಚ್ ಆರ್ಸೆನಲ್‌ಗೆ ಹೋಗಬೇಕಿದ್ದ ಕಾಗದ, ಹೆಸರಿನ ಮೊದಲ ಅಕ್ಷರಗಳು ಒಂದೇ ಆದ್ದರಿಂದ ಇವರಿಗೆ ಬಂತು ಅಂತ ಊರಲ್ಲಿ ಹೇಳಿಕೊಳ್ಳುತ್ತಾರೆ. ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು. ಆದರೆ ಫೈನಲ್‌ನಲ್ಲಿ ಸ್ವಿಟ್ಜರ್‌ಲ್ಯಾಂಡಿನ ವಿಂಟರ್‌ಟೂರ್ ತಂಡವನ್ನು 2–0ಯಿಂದ ಸೋಲಿಸಿ ಕಪ್ಪು ತಂದದ್ದು ನಿಜ. 1911ರಲ್ಲಿ ಮತ್ತೆ ಹೋಗಿ ಯುವೆಂಟಸ್ಸನ್ನು 6–1ರಿಂದ ಬಡಿದದ್ದೂ ನಿಜ. ಅದೇ ಯುವೆಂಟಸ್! ಊರಿಗೆ ಬಂದ ಮೇಲೆ ಸಾಲ ತೀರಿಸಲು ದುಡ್ಡಿಲ್ಲ. ಕಪ್ಪನ್ನು ಊರಿನ ಹೋಟೆಲಿನ ಒಡತಿಯ ಹತ್ತಿರ 40 ಪೌಂಡಿಗೆ ಅಡ ಇಟ್ಟರು. ಬಿಡಿಸಿಕೊಂಡದ್ದು 1960ರಲ್ಲಿ, 100 ಪೌಂಡ್ ಕೊಟ್ಟು. 1994ರಲ್ಲಿ ಯಾರೋ ಕದ್ದೇ ಬಿಟ್ಟರು. ಈಗ ಇರುವುದು ಅದರ ನಕಲು. ಕಪ್ಪು ಹೋದರೂ ಕಥೆ ಹೋಗಲಿಲ್ಲ. ಹಳ್ಳಿಯ ನಡುವಿನ ಹುಲ್ಲುಗಾವಲಲ್ಲಿ ಅವರ ಪ್ರತಿಮೆ ಇದೆ.

ಇನ್ನೊಂದು ಊರು ಟೋ ಲಾ. ಸಾವಿರ ಅಡಿ ಎತ್ತರದ ಗುಡ್ಡದ ಮೇಲೆ. ಅಲ್ಲಿಗೆ ನಾನೊಬ್ಬನೇ ಅಕ್ಟೋಬರ್‌ನಲ್ಲಿ ಬಸ್ಸು ಹತ್ತಿ ಹೋಗಿದ್ದೆ, ಸುಮ್ನೆ ಮೈದಾನ ನೋಡಲು. ಗಾಳಿ ಅಂದರೆ ಎಂಥ ಗಾಳಿ! ಗೋಲ್‌ಕೀಪರ್ ಒದ್ದ ಚೆಂಡು ಮೇಲೆ ಹೋಗಿ, ಯೋಚನೆ ಮಾಡಿ, ಅವನ ಹತ್ತಿರವೇ ಬಂತು. ಪಕ್ಕದಲ್ಲಿದ್ದವರು, "ಇದು ತಂಗಾಳಿ, ಜನವರಿಯಲ್ಲಿ ಬಾ" ಅಂದರು. ಇಂಗ್ಲೆಂಡ್ ಪರ ವಿಶ್ವಕಪ್ ಆಡಿದ ಕ್ರಿಸ್ ವಾಡಲ್ ಈ ಗಾಳಿಯಲ್ಲೇ ಕಲಿತವರು. ಕಾರ್ಖಾನೆಯಲ್ಲಿ ಕೆಲಸ ಮಾಡಿಕೊಂಡು ಟೋ ಲಾಗೆ ಆಡುತ್ತಿದ್ದವರನ್ನು 1980ರಲ್ಲಿ ನ್ಯೂಕ್ಯಾಸಲ್ ಯುನೈಟೆಡ್ ಸಾವಿರ ಪೌಂಡ್ ಕೊಟ್ಟು ಕರೆದುಕೊಂಡಿತು.

ಇಲ್ಲಿನ ಮಾತೂ ನನಗೆ ನಿಧಾನಕ್ಕೆ ಹಿಡಿಯಿತು. ಹುರಿದುಂಬಿಸಲು "ಹವೇ, ಹವೇ" ಅಂತಾರೆ. ಗಣಿ ಕೆಲಸಗಾರರು ಜೊತೆಗಾರನನ್ನು "ಮರ್ರಾ" ಅಂತ ಕರೆಯುತ್ತಿದ್ದರಂತೆ. ಮೊದಲ ಸಲ ಫ್ಲಾಸ್ಕ್ ತಾತ ನನಗೆ ಹಾಗಂದಾಗ ನಮ್ಮ ಕಡೆಯ "ಮಾರಾಯ"ನೇ ಕೇಳಿಸಿತು. ಒಂದು ಕ್ಷಣ ತಿರುಗಿ ನೋಡಿದೆ.

ಒಂದು ದಿನ ತಾತ ಕೇಳಿದರು, "ನಿಮ್ಮಲ್ಲಿ ಫುಟ್‌ಬಾಲ್ ಉಂಟಾ, ಬರೀ ಕ್ರಿಕೆಟ್ಟಾ?" ನನಗೆ ರೋಷ ಬಂತು. 1948ರ ಲಂಡನ್ ಒಲಿಂಪಿಕ್ಸ್ ಕಥೆ ಹೇಳಿದೆ. ಇಲ್‌ಫರ್ಡ್‌ನಲ್ಲಿ ಫ್ರಾನ್ಸ್ ಎದುರು ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲೇ ಆಡಿದರು, ಎರಡು ಪೆನಾಲ್ಟಿ ಹಾಳು ಮಾಡಿಕೊಂಡು 2–1ರಿಂದ ಸೋತರು. ಆ ಒಂದು ಗೋಲು ಹೊಡೆದವರು ನಮ್ಮ ಬೆಂಗಳೂರಿನ ಸಾರಂಗಪಾಣಿ ರಾಮನ್. ತಾತ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಒಲಿಂಪಿಕ್ಸ್‌ನಲ್ಲಿ ನಮ್ಮ ಬಾಬ್ ಹಾರ್ಡಿಸ್ಟಿಯೂ ಇದ್ದ" ಅಂದರು. ಹಾರ್ಡಿಸ್ಟಿ ಪಕ್ಕದ ಬಿಷಪ್ ಆಕ್ಲೆಂಡ್ ತಂಡದ ದೊಡ್ಡ ಆಟಗಾರ. ಅವತ್ತಿನ ಬ್ರಿಟನ್ ತಂಡಕ್ಕೆ ಮ್ಯಾನೇಜರ್ ಮ್ಯಾಟ್ ಬಸ್ಬಿ. ಹತ್ತು ವರ್ಷ ಆದ ಮೇಲೆ, 1958ರಲ್ಲಿ, ಮ್ಯೂನಿಕ್ ವಿಮಾನ ದುರಂತದಲ್ಲಿ ಬಸ್ಬಿಯವರ ಮ್ಯಾಂಚೆಸ್ಟರ್ ಯುನೈಟೆಡ್ ಆಟಗಾರರು ಸತ್ತಾಗ, ಕ್ಲಬ್ಬು ನಿಲ್ಲಲಿ ಅಂತ ಬಿಷಪ್ ಆಕ್ಲೆಂಡ್‌ನಿಂದ ಮೂವರು ಹೋದರು. ಹಾರ್ಡಿಸ್ಟಿ, ಡೆರೆಕ್ ಲೆವಿನ್, ವಾರೆನ್ ಬ್ರ್ಯಾಡ್ಲಿ. ಅಷ್ಟು ದೊಡ್ಡ ಕ್ಲಬ್ಬಿಗೆ ಇಷ್ಟು ಸಣ್ಣ ಊರಿನ ಸಹಾಯ. ತಾತ ಇದನ್ನು ಹೇಳುವಾಗ ಪಕ್ಕದೂರಿನ ಮೇಲಿನ ಹಳೇ ದ್ವೇಷ ಸ್ವಲ್ಪ ಮರೆತಿದ್ದರು.

ಮ್ಯಾಚುಗಳ ವಿವರ ಹೇಳಿ ಬೇಜಾರು ಮಾಡಲ್ಲ. ಸೋತದ್ದು ಜಾಸ್ತಿ. ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ಎಫ್‌ಎ ನಡೆಸುವ ಎಫ್‌ಎ ಕಪ್ಪಿನಿಂದ ಆಗಸ್ಟ್‌ನಲ್ಲೇ ಹೊರಗೆ. ಡಿಸೆಂಬರ್ ಹೊತ್ತಿಗೆ ನನಗೂ ಗೆಲ್ಲುವ ಆಸೆ ಹೋಗಿ, ನಿಂತುಕೊಳ್ಳುವ ಜಾಗದ ಮೇಲೆ ಆಸೆ ಶುರುವಾಗಿತ್ತು. ತಗಡಿನ ಮಾಡಿನ ಎಡತುದಿ. ಅಲ್ಲಿ ಟೀ ಅಂಗಡಿಯ ಆವಿ ಬರುತ್ತೆ. ನಾನು ಒಂದು ವಾರ ಬರದಿದ್ದರೆ, "ಎಲ್ಲಿ ಹೋಗಿದ್ದೆ?" ಅಂತ ಕೇಳುವ ನಾಲ್ಕು ಜನ ಸಿಕ್ಕಿದ್ದರು. ಪರದೇಶದಲ್ಲಿ ಇದು ಸಣ್ಣ ಮಾತಲ್ಲ.

ಫೆಬ್ರವರಿಯಲ್ಲಿ ಮಳೆ ಹಿಡಿಯಿತು. ಒಂದರ ಹಿಂದೆ ಒಂದು ಬಿರುಗಾಳಿ, ಪ್ರತಿಯೊಂದಕ್ಕೂ ನಾಮಕರಣ ಬೇರೆ. ಕಿಯಾರಾ, ಡೆನಿಸ್, ಹಾರ್ಹೆ. ಬ್ರಿಟನ್ನಿನ ದಾಖಲೆಯಲ್ಲೇ ಅತಿ ಹೆಚ್ಚು ಮಳೆ ಬಿದ್ದ ಫೆಬ್ರವರಿ ಅದು. ಶನಿವಾರ ಬೆಳಿಗ್ಗೆ ಏಳಕ್ಕೆ ಮೈದಾನಕ್ಕೆ ಹೋದರೆ ಏಳೆಂಟು ಜನ ಗಾರ್ಡನ್ ಫೋರ್ಕು ಹಿಡಿದು ನಿಂತಿರೋರು. ಹಲ್ಲುಗಳನ್ನು ನೆಲಕ್ಕೆ ಚುಚ್ಚೋದು, ಅಲ್ಲಾಡಿಸೋದು, ಎಳೆಯೋದು. ನೀರು ಇಂಗಲಿ ಅಂತ. ನನ್ನ ಕೈಗೂ ಒಂದು ಕೊಟ್ಟರು. ಗೋಲಿನ ಮುಂದೆ ನೀರು ಕೆರೆಯಂತೆ ನಿಂತಿತ್ತು. ಅದನ್ನು ಸ್ಪಂಜಿನಲ್ಲಿ ಹೀರಿ ಬಕೆಟ್ಟಿಗೆ ಹಿಂಡುತ್ತಿದ್ದರು. ಹತ್ತು ಗಂಟೆಗೆ ರೆಫರಿ ಬಂದ, ಕೈಯಲ್ಲಿದ್ದ ಚೆಂಡನ್ನು ಎತ್ತರದಿಂದ ಬಿಟ್ಟ. ಚೆಂಡು ಪುಟಿಯಲಿಲ್ಲ. ಪಚಕ್ ಅಂತ ಕೂತಿತು. ಅವನು ಏನೂ ಹೇಳದೆ ನಮ್ಮ ಕಡೆ ನೋಡಿದ. ಮೂರು ಗಂಟೆ ದುಡಿದ ಮೇಲೆ ಮ್ಯಾಚ್ ರದ್ದು. ಯಾರೂ ಗೊಣಗಲಿಲ್ಲ. ಕ್ಲಬ್ಬಿನೊಳಗೆ ಹೋಗಿ ಬೇಕನ್ ರೋಲ್ ತಿಂದರು. ನಾನು ಬೇಕನ್ ತಿನ್ನಲ್ಲ, ನನಗೆ ಎರಡು ಮೊಟ್ಟೆ ಹಾಕಿ ಕೊಟ್ಟರು.

ಮಾರ್ಚ್ ಮೊದಲ ವಾರದ ಮ್ಯಾಚೇ ಕೊನೆಯದು. ಆಗ ಅದು ಕೊನೆಯದು ಅಂತ ಯಾರಿಗೂ ಗೊತ್ತಿರಲಿಲ್ಲ. ಕೈ ಕುಲುಕದೆ ಮೊಣಕೈ ತಾಗಿಸಿ ನಕ್ಕರು, ಅಷ್ಟೇ. ಆಮೇಲೆ ಕೊರೊನಾ, ಲಾಕ್‌ಡೌನ್. ನನ್ನ ಹೆಂಡತಿ ಮನೆಗೆ ಬಂದು ಬಾಗಿಲಲ್ಲೇ ಬಟ್ಟೆ ಬಿಚ್ಚಿ ನೇರ ಬಚ್ಚಲಿಗೆ ಹೋಗುವ ದಿನಗಳು. ಅವಳ ಮುಖದಲ್ಲಿ ಮಾಸ್ಕಿನ ಗೆರೆ ಬೆಳಿಗ್ಗೆಯಾದರೂ ಹೋಗುತ್ತಿರಲಿಲ್ಲ.

ಮಾರ್ಚ್ 26, ಗುರುವಾರ. ಅವತ್ತು ರಾತ್ರಿ ಎಂಟಕ್ಕೆ ದೇಶವೆಲ್ಲ ಬಾಗಿಲಿಗೆ ಬಂದು ಆಸ್ಪತ್ರೆಯವರಿಗಾಗಿ ಚಪ್ಪಾಳೆ ತಟ್ಟಿತು, ಮೊದಲ ಸಲ. ನಮ್ಮ ಬೀದಿಯವರು ನಮ್ಮ ಮನೆ ಕಡೆ ತಿರುಗಿ ತಟ್ಟಿದರು. ಯಾರಿಗಾಗಿ ತಟ್ಟುತ್ತಿದ್ದರೋ ಅವಳು ಡ್ಯೂಟಿಯಲ್ಲಿದ್ದಳು. ನಾನು ಪೆದ್ದನ ಹಾಗೆ ನಿಂತು ಕೈ ಬೀಸಿದೆ. ಅದೇ ದಿನ ಎಫ್‌ಎ ತೀರ್ಮಾನವೂ ಬಂದಿತ್ತು. ಏಳನೇ ಮೆಟ್ಟಿಲಿಂದ ಕೆಳಗೆ, ಈ ವರ್ಷದ ಲೀಗುಗಳೆಲ್ಲ ಮುಗಿದವು, ಫಲಿತಾಂಶಗಳನ್ನೆಲ್ಲ ಅಳಿಸಲಾಗುವುದು, ಬಡ್ತಿ ಇಲ್ಲ, ಹಿಂಬಡ್ತಿ ಇಲ್ಲ. ನಿಲ್ಲಿಸಿದ್ದು ಸರಿ, ಅದರಲ್ಲಿ ಎರಡು ಮಾತಿಲ್ಲ. ಮನೆಯಲ್ಲೇ ಒಬ್ಬಳು ದಿನಾ ಅದನ್ನು ನೋಡಿ ಬರುತ್ತಿದ್ದಳಲ್ಲ. ಆದರೆ ಅಳಿಸೋದು? ಮೇಲೆ, ಮೂರರಿಂದ ಆರರವರೆಗಿನ ಮೆಟ್ಟಿಲುಗಳಲ್ಲಿ, ಆಮೇಲೆ ಆಡಿದಷ್ಟು ಮ್ಯಾಚಿನ ಸರಾಸರಿ ಹಿಡಿದು ಸ್ಥಾನ ಕೊಟ್ಟರು. ಕೆಳಗಿನವರಿಗೆ ಮಾತ್ರ ರಬ್ಬರು.

ನಮಗೆ ಹೋದದ್ದೇನೂ ಇರಲಿಲ್ಲ ಬಿಡಿ. ಹೊಟ್ಟೆ ಉರಿದದ್ದು ಬೇರೆಯವರಿಗೆ. ನಮಗಿಂತ ಎರಡು ಮೆಟ್ಟಿಲು ಮೇಲಿದ್ದ ಸೌತ್ ಶೀಲ್ಡ್ಸ್ ಹನ್ನೆರಡು ಪಾಯಿಂಟ್ ಮುಂದಿತ್ತು. ಎಲ್ಲಾ ಹೋಯಿತು. ಅವರು ಆ ಮೆಟ್ಟಿಲು ಹತ್ತಿದ್ದು 2023ರಲ್ಲಿ. ದೇಶದ ಇನ್ನೊಂದು ತುದಿಯಲ್ಲಿ, ಸಮುದ್ರದಾಚೆಯ ದ್ವೀಪದಿಂದ ಬಂದು ಆಡುತ್ತಿದ್ದ ಜರ್ಸಿ ಬುಲ್ಸ್ ಅನ್ನೋ ಹೊಸ ತಂಡ ತನ್ನ ಮೊದಲ ವರ್ಷದಲ್ಲೇ 27 ಲೀಗ್ ಮ್ಯಾಚ್ ಆಡಿ 27ನ್ನೂ ಗೆದ್ದಿತ್ತು. ಬಡ್ತಿ ಖಾತ್ರಿಯಾಗಿತ್ತು. ಅದೂ ಹೋಯಿತು. ಇಪ್ಪತ್ತೇಳಕ್ಕೆ ಇಪ್ಪತ್ತೇಳು!

ಏಪ್ರಿಲ್‌ನಲ್ಲಿ ತಾತನಿಗೆ ಫೋನ್ ಮಾಡಿದೆ. ಒಬ್ಬರೇ ಇರುವವರು, ದಿನಸಿ ತಂದುಕೊಡಲಾ ಅಂತ ಕೇಳಲು. ಮಾತು ಇದಕ್ಕೇ ಬಂತು. "ಆ 63ನೇ ನಿಮಿಷದ ಗೋಲು ಇಲ್ಲ ಅಂದ ಮೇಲೆ ಇಪ್ಪತ್ತು ಪೌಂಡ್ ವಾಪಸ್ ಕೊಡಬೇಕಾ?" ಅಂದೆ.

"ಹಾಗಾದರೆ ನಾನು ತಿಂದ ಪೈಗಳನ್ನೂ ವಾಪಸ್ ಕೊಡಬೇಕಾಗುತ್ತೆ ಮರ್ರಾ."

ನಮ್ಮಲ್ಲಿ ಇದಕ್ಕೊಂದು ಮಾತಿದೆ ಅಂತ ಹೇಳಿದೆ. ಬೀದಿಯಲ್ಲಿ ದೊಡ್ಡ ಮಕ್ಕಳು ಆಡುವಾಗ ಪುಟ್ಟದೊಂದು ನಾನೂ ಬರ್ತೀನಿ ಅಂತ ಅಳುತ್ತೆ. ಸೇರಿಸಿಕೊಳ್ಳುತ್ತಾರೆ. ಅದು ಓಡುತ್ತೆ, ಬೀಳುತ್ತೆ, ಕೂಗುತ್ತೆ. ಆದರೆ ಔಟಾದರೂ ಔಟಿಲ್ಲ, ಗೆದ್ದರೂ ಗೆಲುವಿಲ್ಲ. ಆಟಕ್ಕುಂಟು, ಲೆಕ್ಕಕ್ಕಿಲ್ಲ. ಆ ಮಗುವಿಗೆ ಇದು ಗೊತ್ತಿರಲ್ಲ ಅನ್ನೋದೇ ಇದರ ಮಜಾ. ತಾತ ಕನ್ನಡದಲ್ಲೇ ಹೇಳಿಸಿಕೊಂಡರು. "ಆಟಕುಂಟು" ತನಕ ಬಂತು, ಮುಂದೆ ನಾಲಿಗೆ ಹೊರಳಲಿಲ್ಲ.

ನಮ್ಮ ಮಟ್ಟದಲ್ಲಿ ಅಳಿಸದೆ ಉಳಿದದ್ದು ಒಂದು. ನಮ್ಮಂಥ ಸಣ್ಣ ಕ್ಲಬ್ಬುಗಳಿಗೆ ಅಂತಲೇ ಇರುವ ಎಫ್‌ಎ ವಾಸ್ ಕಪ್ಪು. 2020ರ ಫೈನಲ್ಲನ್ನು ಮುಂದೂಡಿ ಮುಂದೂಡಿ ಕೊನೆಗೆ 2021ರ ಮೇ 3ರಂದು ವೆಂಬ್ಲಿಯಲ್ಲಿ ಆಡಿಸಿದರು. ಇಡೀ ಇಂಗ್ಲೆಂಡಿನಲ್ಲಿ ಫೈನಲ್ ತಲುಪಿದ ಎರಡೂ ತಂಡ ನಾರ್ದರ್ನ್ ಲೀಗಿನವು. ಒಂದು ಕಾನ್ಸೆಟ್, 1980ರಲ್ಲಿ ಉಕ್ಕಿನ ಕಾರ್ಖಾನೆ ಮುಚ್ಚಿದ ಊರು. ಇನ್ನೊಂದು ಹೆಬ್ಬರ್ನ್, ಟೈನ್ ನದಿ ದಂಡೆಯಲ್ಲಿ ಹಡಗು ಕಟ್ಟುತ್ತಿದ್ದ ಊರು. ಜೀವಮಾನದಲ್ಲಿ ಒಮ್ಮೆ ಬರುವ ದಿನ. ಬಸ್ಸುಗಟ್ಟಲೆ ಜನ ಹೋಗಬೇಕಿತ್ತು. ಒಬ್ಬರಿಗೂ ಬಿಡಲಿಲ್ಲ.

ಮನೆಯೊಳಗೆ ಸೇರುವಂತಿರಲಿಲ್ಲ, ಹೊರಗೆ ಕೂರಬಹುದಿತ್ತು. ತಾತ ಟಿವಿಯನ್ನು ಅಡುಗೆಮನೆ ಕಿಟಕಿಗೆ ಮುಖ ಮಾಡಿ ಇಟ್ಟಿದ್ದರು. ಹಿತ್ತಲಲ್ಲಿ ಮೂರು ಕುರ್ಚಿ, ದೂರ ದೂರ. ನಾನು, ನನ್ನ ಹೆಂಡತಿ, ಅವರು. ನಾವು ಚಿತ್ರಾನ್ನ ಒಯ್ದಿದ್ದೆವು. ತಾತ ಕಡಲೆಬೀಜ ಮಾತ್ರ ಆರಿಸಿ ತಿಂದರು. ಗಾಳಿ ಬೀಸಿದಾಗಲೆಲ್ಲ ಕಾಮೆಂಟರಿ ಕೇಳಿಸುತ್ತಿರಲಿಲ್ಲ. ಹೆಬ್ಬರ್ನ್ ತಂಡದಲ್ಲಿ ಅಮರ್ ಪುರೆವಾಲ್ ಅಂತ ಪಂಜಾಬಿ ಮನೆತನದ ಆಟಗಾರ. ಅವರು ಕಂಡಾಗಲೆಲ್ಲ ನನ್ನ ಹೆಂಡತಿ ಕುರ್ಚಿಯ ತುದಿಗೆ ಬರುತ್ತಿದ್ದಳು. ಫುಟ್‌ಬಾಲ್ ಅವಳಿಗೆ ಏನೇನೂ ಗೊತ್ತಿಲ್ಲ.

ತಾತ ಆಟಕ್ಕಿಂತ ಹಿಂದಿನ ಖಾಲಿ ಕೆಂಪು ಸೀಟುಗಳನ್ನೇ ಜಾಸ್ತಿ ನೋಡುತ್ತಿದ್ದರು. 1954ರಲ್ಲಿ ಇದೇ ಲೀಗಿನ ಎರಡು ಪಕ್ಕದೂರುಗಳು, ಬಿಷಪ್ ಆಕ್ಲೆಂಡ್ ಮತ್ತು ಕ್ರುಕ್, ವೆಂಬ್ಲಿಯಲ್ಲಿ ಅಮೆಚೂರ್ ಕಪ್ಪಿನ ಫೈನಲ್ ಆಡಿದ್ದವು. ನೋಡಲು ಬಂದವರು ಒಂದು ಲಕ್ಷ ಜನ. 2–2 ಆಗಿ, ನ್ಯೂಕ್ಯಾಸಲ್‌ನಲ್ಲಿ ಮತ್ತೆ ಆಡಿ ಮತ್ತೆ 2–2 ಆಗಿ, ಮಿಡಲ್ಸ್‌ಬರೋದಲ್ಲಿ ಮೂರನೇ ಸಲ ಆಡಿ ಕ್ರುಕ್ 1–0ಯಿಂದ ಗೆದ್ದಿತು. ತಾತನಿಗಾಗ ಎಂಟೋ ಒಂಬತ್ತೋ ವರ್ಷ. ಅವರಪ್ಪ ವೆಂಬ್ಲಿಗೆ ಹೋಗಿ, ಚಿಕ್ಕವನು ಅಂತ ಇವರನ್ನು ಮನೆಯಲ್ಲಿ ಬಿಟ್ಟಿದ್ದರಂತೆ. "ಮುಂದಿನ ಸಲ ಅಂದಿದ್ದ" ಅಂದರು. ಆ ಸಿಟ್ಟು ಇನ್ನೂ ಹೋಗಿಲ್ಲ.

ಹೆಬ್ಬರ್ನ್ 3–2ರಿಂದ ಗೆದ್ದಿತು. ಕಾನ್ಸೆಟ್ ಹುಡುಗನೊಬ್ಬ ಮಂಡಿಯೂರಿ ಕೂತಿದ್ದ. ಸಮಾಧಾನ ಮಾಡಲು ಗ್ಯಾಲರಿಯಲ್ಲಿ ಅಮ್ಮ ಇಲ್ಲ, ಅಪ್ಪ ಇಲ್ಲ. ತಾತ ಎದ್ದು, ಕಿಟಕಿಯಿಂದ ಕೈ ಹಾಕಿ ಟಿವಿ ಆರಿಸಿದರು. ಫ್ಲಾಸ್ಕಿನ ಮುಚ್ಚಳಕ್ಕೆ ಟೀ ಬಗ್ಗಿಸಿ ನನ್ನ ಹೆಂಡತಿಗೆ ಕೊಟ್ಟರು.

"ಅವತ್ತಿನ ಸೀಸನ್ನಲ್ಲಿ ಈ ಎರಡೂ ತಂಡ ನಮ್ಮನ್ನು ಸೋಲಿಸಿದ್ದವು, ಅಲ್ವಾ?" ಅಂದೆ.

ತಾತ ಮುಖ ಗಂಟು ಹಾಕಿಕೊಂಡು ನನ್ನನ್ನೇ ನೋಡಿದರು.

"ಯಾವಾಗ?"